ಆರೋಗ್ಯ ಸಂಶೋಧನೆಯಲ್ಲಿ ಯುವಜನರು: ಪ್ರಶ್ನೆ ಕೇಳುವ ಹಕ್ಕು ಯಾರದು?

ನಮ್ಮ ಕಡೆಯವರು ಮಂಗನ ಕಾಯಿಲೆ ಎಂದು ಕರೆಯುವ ಕ್ಯಾಸನೂರು ಕಾಡಿನ ಕಾಯಿಲೆ ಮೊದಲು ಗುರುತಿಗೆ ಬಂದದ್ದು 1957ರಲ್ಲಿ, ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಅದರ ವೈರಾಣುವಿನ ಬಗ್ಗೆ, ಅದನ್ನು ಹೊತ್ತು ತಿರುಗುವ ಉಣುಗಿನ ಬಗ್ಗೆ, ಅದರಿಂದ ಸಾಯುವ ಮಂಗಗಳ ಬಗ್ಗೆ ವಿಜ್ಞಾನಿಗಳು ಬಹಳಷ್ಟನ್ನು ತಿಳಿದುಕೊಂಡಿದ್ದಾರೆ. ಆದರೆ ನಮ್ಮ ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ ಅಥವಾ ಹೊನ್ನಾವರ ತಾಲೂಕಿನ ಕಾಡಂಚಿನ ಒಂದು ಊರಿನಲ್ಲಿ ಜನವರಿ ತಿಂಗಳಲ್ಲಿ ಯಾರ ಮನೆಯವರು ಯಾವ ಬೆಟ್ಟಕ್ಕೆ ದರಕು, ಅಂದರೆ ಒಣ ಎಲೆ, ಗುಡಿಸಲು ಹೋಗುತ್ತಾರೆ, ಎಷ್ಟು ಹೊತ್ತು ಅಲ್ಲಿರುತ್ತಾರೆ, ಮಂಗ ಸತ್ತು ಬಿದ್ದದ್ದನ್ನು ಮೊದಲು ನೋಡಿದವರು ಯಾರಿಗೆ ತಿಳಿಸುತ್ತಾರೆ, ಉಣುಗು ಕಚ್ಚದಂತೆ ಮೈಗೆ ಹಚ್ಚಿಕೊಳ್ಳಲೆಂದು ಆರೋಗ್ಯ ಇಲಾಖೆ ಹಂಚಿದ ಎಣ್ಣೆಯ ಬಾಟಲಿಯನ್ನು ಬಳಸುತ್ತಾರೋ ಮಾಡಿನ ಸಂದಿಯಲ್ಲಿ ಸಿಕ್ಕಿಸಿಡುತ್ತಾರೋ ಎಂಬ ವಿವರಗಳು ವರದಿಗಳಲ್ಲಿ ಸಿಗುವುದು ಕಷ್ಟ. ಇವು ತಿಳಿದಿರುವುದು ಆ ಊರಿನವರಿಗೆ. ಅವರಲ್ಲೂ ಅಮ್ಮನ ಜತೆ ಬೆಟ್ಟಕ್ಕೂ ಹೋಗಿ, ಶಾಲೆಯಲ್ಲಿ ಜೀವಶಾಸ್ತ್ರವನ್ನೂ ಓದುವ ಹದಿನಾರು, ಹದಿನೇಳರ ಮಕ್ಕಳಿಗೆ ಎರಡೂ ಕಡೆಯ ಪರಿಚಯ ಇರುತ್ತದೆ.

ಯುವಜನರನ್ನು ಆರೋಗ್ಯ ಸಂಶೋಧನೆಯ ಸಹಭಾಗಿಗಳನ್ನಾಗಿ ಮಾಡಿಕೊಳ್ಳಬೇಕೆಂಬ ಮಾತು ಈಚೆಗೆ ಯೋಜನಾ ವರದಿಗಳಲ್ಲೂ ಸ್ವಯಂಸೇವಾ ಸಂಸ್ಥೆಗಳ ಪ್ರಸ್ತಾವಗಳಲ್ಲೂ ಮತ್ತೆ ಮತ್ತೆ ಕಾಣುತ್ತದೆ. ಮಾತು ಒಳ್ಳೆಯದೇ. ಆದರೆ ಬಹಳ ಕಡೆ ಅದು, ಬೇರೆಲ್ಲೋ ಸಿದ್ಧವಾದ ಪ್ರಶ್ನಾವಳಿಯನ್ನು ಸ್ಥಳೀಯ ಹುಡುಗ ಹುಡುಗಿಯರ ಕೈಗಿತ್ತು ಮನೆಮನೆಗೆ ಕಳಿಸುವ ವ್ಯವಸ್ಥೆಯಾಗಿ ಮುಗಿಯುತ್ತದೆ. ಏನನ್ನು ಕೇಳಬೇಕೆಂಬುದನ್ನು ನಿರ್ಧರಿಸುವಲ್ಲಿ ಮತ್ತು ಸಿಕ್ಕಿದ ಮಾಹಿತಿ ಯಾರ ಮೇಜಿಗೆ ಹೋಗಬೇಕೆಂದು ತೀರ್ಮಾನಿಸುವಲ್ಲಿ ಅವರಿಗೆ ಪಾಲಿಲ್ಲದಿದ್ದರೆ ಅದನ್ನು ಅಗ್ಗದ ದುಡಿಮೆ ಎಂದು ಕರೆಯುವುದೇ ಪ್ರಾಮಾಣಿಕವೆಂದು ನನಗೆ ತೋರುತ್ತದೆ. ಉತ್ತರ ಕನ್ನಡದಂಥ ಜಿಲ್ಲೆಯಲ್ಲಿ, ಅಂದರೆ ಕರಾವಳಿಯೂ ಘಟ್ಟವೂ ಬಯಲಿನ ಅಂಚೂ ಒಂದೇ ಆಡಳಿತದ ಅಡಿಯಲ್ಲಿರುವ, ತಾಲೂಕಿನಿಂದ ತಾಲೂಕಿಗೆ ಕಾಯಿಲೆಯ ಸ್ವರೂಪವೇ ಬದಲಾಗುವ ಜಾಗದಲ್ಲಿ, ಈ ವ್ಯತ್ಯಾಸ ಇನ್ನೂ ಮುಖ್ಯವಾಗುತ್ತದೆ.

ಸಹಭಾಗಿ ಸಂಶೋಧನೆಯ ಚಿಂತನೆ ಹೊಸದಲ್ಲ. 1940ರ ದಶಕದಲ್ಲಿ ಮನೋವಿಜ್ಞಾನಿ ಕರ್ಟ್ ಲೆವಿನ್, ಸಮಸ್ಯೆಯನ್ನು ಅಧ್ಯಯನ ಮಾಡುವುದು ಮತ್ತು ಅದನ್ನು ಬದಲಾಯಿಸಲು ಯತ್ನಿಸುವುದು ಒಟ್ಟಿಗೇ ನಡೆಯಬೇಕೆಂದು ವಾದಿಸಿದರು. 1977ರಲ್ಲಿ ಕೊಲಂಬಿಯಾದ ಕಾರ್ತಹೇನಾದಲ್ಲಿ ಸಮಾಜಶಾಸ್ತ್ರಜ್ಞ ಓರ್ಲಾಂಡೊ ಫಾಲ್ಸ್ ಬೋರ್ಡಾ ಮತ್ತಿತರರು ಸೇರಿ ಈ ಮಾರ್ಗಕ್ಕೆ ರಾಜಕೀಯ ಹರಿತವನ್ನು ಕೊಟ್ಟರು. ಭಾರತದಲ್ಲಿ ರಾಜೇಶ್ ಟಂಡನ್ ಅವರು 1982ರಲ್ಲಿ ಸಹಭಾಗಿ ಸಂಶೋಧನೆಗೆಂದೇ ಪ್ರಿಯಾ ಸಂಸ್ಥೆಯನ್ನು ಕಟ್ಟಿದರು. ಊರಿನವರೇ ನೆಲದ ಮೇಲೆ ರಂಗೋಲಿ ಪುಡಿ, ಕಲ್ಲು, ಎಲೆಗಳಿಂದ ತಮ್ಮ ಊರಿನ ನಕ್ಷೆ ಬಿಡಿಸುವ ವಿಧಾನವನ್ನು 1980ರ ದಶಕದ ಕೊನೆಯಲ್ಲಿ ಮೊದಮೊದಲು ಬಳಸಿದವರಲ್ಲಿ ಕರ್ನಾಟಕದ ಮೈರಾಡ ಸಂಸ್ಥೆಯವರೂ ಇದ್ದರು. ಆರೋಗ್ಯ ಸೇವೆಯ ಮೇಲೆ ಸಮುದಾಯವೇ ನಿಗಾ ಇಡುವ ಪ್ರಯೋಗವನ್ನು ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ 2007ರಲ್ಲಿ ಒಂಬತ್ತು ರಾಜ್ಯಗಳಲ್ಲಿ ಆರಂಭಿಸಿದಾಗ ಕರ್ನಾಟಕವೂ ಅವುಗಳಲ್ಲಿ ಒಂದಾಗಿತ್ತು.

ಇದರಿಂದ ಆರೋಗ್ಯ ನಿಜಕ್ಕೂ ಸುಧಾರಿಸುತ್ತದೆಯೇ ಎಂದು ಕೇಳುವವರಿಗೆ ಜಾರ್ಖಂಡ್ ಮತ್ತು ಒಡಿಶಾದ ಅನುಭವವನ್ನು ತೋರಿಸಬಹುದು. ಅಲ್ಲಿ ಏಕಜುಟ್ ಸಂಸ್ಥೆ ಹಳ್ಳಿಯ ಹೆಂಗಸರ ಗುಂಪುಗಳನ್ನು ಕೂಡಿಸಿ, ತಾಯಿ ಮಗುವಿನ ಆರೋಗ್ಯದಲ್ಲಿ ತಮ್ಮ ತೊಂದರೆ ಏನೆಂದು ಅವರೇ ಗುರುತಿಸಿ ಪರಿಹಾರವನ್ನೂ ಅವರೇ ಆಯ್ದುಕೊಳ್ಳುವ ಸಭೆಗಳನ್ನು ನಡೆಸಿತು. 2010ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಸಭೆ ನಡೆದ ಪ್ರದೇಶಗಳಲ್ಲಿ ನವಜಾತ ಶಿಶುಗಳ ಮರಣ ಪ್ರಮಾಣ ಮೂರು ವರ್ಷಗಳಲ್ಲಿ ಒಟ್ಟಾರೆ ಶೇಕಡ 32ರಷ್ಟು, ಕೊನೆಯ ಎರಡು ವರ್ಷಗಳಲ್ಲಿ ಶೇಕಡ 45ರಷ್ಟು ಕಡಿಮೆ ಇತ್ತು. ಹೊಸ ಔಷಧಿಯಾಗಲಿ ಯಂತ್ರವಾಗಲಿ ಈ ಸಭೆಗಳ ಭಾಗವಾಗಿರಲಿಲ್ಲ. ಹದಿಹರೆಯದವರ ವಿಷಯದಲ್ಲಿ ಇನ್ನೊಂದು ಪಾಠ ಕಾರವಾರದ ನೆರೆಯ ಗೋವಾದಲ್ಲಿ ನೆಲೆಯಿರುವ ಸಂಗಾತ್ ಸಂಸ್ಥೆಯ ಕೆಲಸದಿಂದ ಬಂದಿದೆ. ಬಿಹಾರದ ನಳಂದ ಜಿಲ್ಲೆಯ 74 ಶಾಲೆಗಳಲ್ಲಿ ಅವರು ನಡೆಸಿದ, 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದೇ ಆರೋಗ್ಯ ಕಾರ್ಯಕ್ರಮವನ್ನು ಕೆಲವು ಶಾಲೆಗಳಲ್ಲಿ ಶಿಕ್ಷಕರು, ಕೆಲವು ಶಾಲೆಗಳಲ್ಲಿ ಹೊರಗಿನಿಂದ ಬಂದ ತರಬೇತಾದ ಆಪ್ತ ಸಲಹೆಗಾರರು ನಡೆಸಿದರು. ಸಲಹೆಗಾರರಿದ್ದ ಶಾಲೆಗಳಲ್ಲಿ ಶಾಲೆಯ ವಾತಾವರಣ, ಮಕ್ಕಳ ಖಿನ್ನತೆ, ಪರಸ್ಪರ ಹಿಂಸೆ ಎಲ್ಲದರಲ್ಲೂ ಸುಧಾರಣೆ ಕಂಡರೆ, ಶಿಕ್ಷಕರೇ ನಡೆಸಿದಲ್ಲಿ ಅಂಥ ಪರಿಣಾಮ ಕಾಣಲಿಲ್ಲ. ಅಂಕ ಕೊಡುವವರ ಮುಂದೆ, ಮನೆಗೆ ಹೇಳಿ ಕಳಿಸಬಲ್ಲವರ ಮುಂದೆ ಮಕ್ಕಳು ಬಾಯಿ ಬಿಡುವುದಿಲ್ಲ ಎಂಬುದನ್ನು ಊಹಿಸಲು ಅಧ್ಯಯನವೇ ಬೇಕಿರಲಿಲ್ಲ, ನಿಜ. ಆದರೂ ನಮ್ಮಲ್ಲಿ ಹದಿಹರೆಯದವರ ಸಮೀಕ್ಷೆ ಎಂದಾಕ್ಷಣ ಮೊದಲು ನೆನಪಾಗುವುದು ಶಾಲೆಯ ಮೇಷ್ಟರೇ.

ಮಕ್ಕಳ ಪಾಲ್ಗೊಳ್ಳುವಿಕೆಯ ಮಟ್ಟವನ್ನು ಅಳೆಯಲು ರೋಜರ್ ಹಾರ್ಟ್ 1992ರಲ್ಲಿ ಯುನಿಸೆಫ್‌ಗಾಗಿ ಎಂಟು ಮೆಟ್ಟಿಲುಗಳ ಒಂದು ಏಣಿಯನ್ನು ಸೂಚಿಸಿದರು. ಅದರ ಕೆಳಗಿನ ಮೂರು ಮೆಟ್ಟಿಲುಗಳು ಮಕ್ಕಳನ್ನು ತಮ್ಮ ಕಾರ್ಯಕ್ಕೆ ಬಳಸಿಕೊಳ್ಳುವುದು, ಅಲಂಕಾರಕ್ಕೆ ನಿಲ್ಲಿಸುವುದು, ಲೆಕ್ಕಕ್ಕೆ ತೋರಿಸುವುದು. ಇವು ಮೂರೂ ಪಾಲ್ಗೊಳ್ಳುವಿಕೆಯೇ ಅಲ್ಲ ಎನ್ನುತ್ತಾರೆ ಹಾರ್ಟ್. ಡಿಸೆಂಬರ್ 1ರ ಏಡ್ಸ್ ದಿನಕ್ಕೋ ಮೇ 31ರ ತಂಬಾಕು ವಿರೋಧಿ ದಿನಕ್ಕೋ ಬಿಸಿಲಲ್ಲಿ ಫಲಕ ಹಿಡಿಸಿ ಬಸ್ ನಿಲ್ದಾಣದವರೆಗೆ ನಡೆಸುವ ಜಾಥಾಗಳನ್ನು ಈ ಏಣಿಯ ಪಕ್ಕದಲ್ಲಿಟ್ಟು ನೋಡಿದರೆ ನಾವು ಎಲ್ಲಿದ್ದೇವೆಂಬುದು ತಿಳಿಯುತ್ತದೆ. ಫಲಕದ ಘೋಷಣೆಯನ್ನು ಬರೆದವರು ಯಾರು ಎಂದು ಹಿಡಿದವರನ್ನೇ ಕೇಳಿದರೆ ಸಾಕು.

ಸರ್ಕಾರದ ನೀತಿಯಲ್ಲಿ ಯುವಜನರು ಇಲ್ಲವೆನ್ನುವಂತಿಲ್ಲ. 2014ರ ಜನವರಿಯಲ್ಲಿ ಆರಂಭವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ 10ರಿಂದ 19ರ ವಯಸ್ಸಿನವರನ್ನು ಗುರಿಯಾಗಿಟ್ಟುಕೊಂಡು ಪೌಷ್ಟಿಕತೆ, ಲೈಂಗಿಕ ಹಾಗೂ ಸಂತಾನೋತ್ಪತ್ತಿ ಆರೋಗ್ಯ, ಮಾನಸಿಕ ಆರೋಗ್ಯ, ಹಿಂಸೆ ಮತ್ತು ಗಾಯ, ಮಾದಕ ವಸ್ತು, ಅಸಾಂಕ್ರಾಮಿಕ ಕಾಯಿಲೆ ಎಂಬ ಆರು ವಿಷಯಗಳನ್ನು ಆರಿಸಿಕೊಂಡಿತು. ಊರಿನಲ್ಲಿ ಓರಗೆಯವರೇ ಓರಗೆಯವರಿಗೆ ತಿಳಿಹೇಳುವ ವ್ಯವಸ್ಥೆ ಅದರ ಬೆನ್ನೆಲುಬು. ರಾಜ್ಯದಲ್ಲಿ ನಿಮ್ಹಾನ್ಸ್ ನೆರವಿನ ಯುವ ಸ್ಪಂದನ ಕಾರ್ಯಕ್ರಮವೂ ತರಬೇತಾದ ಯುವಕ ಯುವತಿಯರನ್ನೇ ಮುಂದಿಟ್ಟುಕೊಂಡು ನಡೆದಿದೆ. ಇವೆಲ್ಲವುಗಳ ದಿಕ್ಕು ಮಾತ್ರ ಒಂದೇ: ಮೇಲೆ ತಿಳಿದಿರುವುದನ್ನು ಕೆಳಗೆ ತಲುಪಿಸುವುದು. ಕೆಳಗಿನಿಂದ ಮೇಲಕ್ಕೆ ಪ್ರಶ್ನೆ ಹೋಗುವ ದಾರಿ ಇಲ್ಲ. 2019ರಿಂದ 21ರ ನಡುವೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ದೇಶದಲ್ಲಿ 15ರಿಂದ 19ರ ಹುಡುಗಿಯರಲ್ಲಿ ಶೇಕಡ 59ರಷ್ಟು, ಅದೇ ವಯಸ್ಸಿನ ಹುಡುಗರಲ್ಲಿ ಶೇಕಡ 31ರಷ್ಟು ಮಂದಿಗೆ ರಕ್ತಹೀನತೆ ಇದೆಯೆಂದು ಹೇಳಿತು. ಅದಕ್ಕೆ ಉತ್ತರವಾಗಿ ಶಾಲೆಗಳಲ್ಲಿ ವಾರಕ್ಕೊಂದು ಕಬ್ಬಿಣಾಂಶದ ಮಾತ್ರೆ ಕೊಡಲಾಗುತ್ತದೆ. ಮಾತ್ರೆಯನ್ನು ಎಷ್ಟು ಮಂದಿ ನುಂಗುತ್ತಾರೆ, ನುಂಗದವರು ಯಾಕೆ ನುಂಗುವುದಿಲ್ಲ, ಬೆಳಿಗ್ಗೆ ಏಳು ಗಂಟೆಯ ಬಸ್ಸಿಗೆ ತಿಂಡಿ ತಿನ್ನದೆ ಓಡಿಬಂದವರ ಹೊಟ್ಟೆಯಲ್ಲಿ ಅದು ಏನು ಮಾಡುತ್ತದೆ ಎಂಬುದನ್ನು ಬೇರೆ ಯಾರಿಗಿಂತ ಚೆನ್ನಾಗಿ ಕಂಡುಹಿಡಿಯಬಲ್ಲವರು ಅದೇ ಬೆಂಚಿನಲ್ಲಿ ಕೂತವರು.

ಮಂಗನ ಕಾಯಿಲೆಯ ವಿಷಯಕ್ಕೇ ಮರಳಿ ಬರೋಣ, ಯಾಕೆಂದರೆ ಸಹಭಾಗಿ ಸಂಶೋಧನೆಯ ಶಕ್ತಿಯೂ ಅದರ ತೊಡಕೂ ಇಲ್ಲಿ ಒಟ್ಟಿಗೆ ಕಾಣುತ್ತವೆ. ಮಳೆಗಾಲ ಕಳೆದು ಕಾಡಿನ ನೆಲ ಒಣಗತೊಡಗಿದಂತೆ ಉಣುಗಿನ ಮರಿಗಳು ಹೆಚ್ಚುತ್ತವೆ. ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಕಾಯಿಲೆಯ ಕಾಲ. ಅಡಿಕೆ ತೋಟಕ್ಕೂ ಕೊಟ್ಟಿಗೆಗೂ ಬೇಕಾದ ಒಣ ಎಲೆಯನ್ನು ಬೆಟ್ಟದಿಂದ ಗುಡಿಸಿ ತರುವುದೂ ಇದೇ ಅವಧಿಯಲ್ಲಿ. ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ, ಉಣುಗು ಕಚ್ಚಿದರೆ ಬರುತ್ತದೆ. ಬಂದವರಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಸಾಯುತ್ತಾರೆ. ಹಳೆಯ ಲಸಿಕೆಯ ಪರಿಣಾಮ ಸಾಲದೆಂದು ಕಂಡುಬಂದು 2022ರ ಹೊತ್ತಿಗೆ ಅದರ ಬಳಕೆ ನಿಂತಿತು. ಹಾಗಾಗಿ ಮೈಗೆ ಹಚ್ಚಿಕೊಳ್ಳುವ ಡೆಪಾ ಎಣ್ಣೆ, ಮೈಮುಚ್ಚುವ ಬಟ್ಟೆ, ಮನೆಗೆ ಬಂದೊಡನೆ ಬಿಸಿನೀರಿನ ಸ್ನಾನ, ಮಂಗ ಸತ್ತ ಜಾಗದಿಂದ ದೂರವಿರುವುದು ಇವೇ ರಕ್ಷಣೆಯಾಗಿ ಉಳಿದವು. 2024ರ ಬೇಸಿಗೆಯಲ್ಲಿ ಸಿದ್ದಾಪುರ ತಾಲೂಕು ಇದರ ಬಿಸಿಯನ್ನು ಬಹಳವಾಗಿ ಅನುಭವಿಸಿತು.

ಕಾಯಿಲೆಯ ಅಪಾಯ ಎಲ್ಲಿ ಹೆಚ್ಚೆಂದು ಗುರುತಿಸಲು, ಆರೋಗ್ಯ, ಪಶುವೈದ್ಯ ಹಾಗೂ ಅರಣ್ಯ ಕ್ಷೇತ್ರಗಳವರನ್ನು ಒಟ್ಟಿಗೆ ಕೂಡಿಸಿ ಪ್ರಶ್ನೆಗಳನ್ನು ರೂಪಿಸಿದ ಒಂದು ಅಧ್ಯಯನ 2020ರಲ್ಲಿ ಪ್ರಕಟವಾಯಿತು. ತೇವದ ದಟ್ಟ ಕಾಡೂ ತೋಟವೂ ಒಂದರೊಳಗೊಂದು ಬೆರೆತಿರುವ ನೆಲದಲ್ಲಿ ಅಪಾಯ ಹೆಚ್ಚು ಎಂಬುದು ಅದರ ಮುಖ್ಯ ಸೂಚನೆ. ಶಿರಸಿ, ಸಿದ್ದಾಪುರದ ಕಡೆ ಕಣ್ಣು ಹಾಯಿಸಿದಲ್ಲೆಲ್ಲ ಇಂಥದೇ ನೆಲ. ನಕ್ಷೆ ಇಷ್ಟನ್ನು ಹೇಳಿದ ಮೇಲೆ ಮುಂದಿನ ಪ್ರಶ್ನೆ ಊರಿನೊಳಗಿನದು: ಇದೇ ನೆಲದಲ್ಲಿ ಯಾರು, ಯಾವಾಗ, ಯಾಕೆ ಉಣುಗಿಗೆ ಸಿಕ್ಕುತ್ತಾರೆ? ಇದಕ್ಕೆ ಊರಿನ ಯುವಜನರ ಒಂದು ತಂಡ ದಿನಚರಿ ಬರೆದು, ಕಾಲುದಾರಿಗಳ ನಕ್ಷೆ ಮಾಡಿ, ಬೆಟ್ಟಕ್ಕೆ ಹೋಗಿ ಬರುವವರೊಡನೆ ಮಾತಾಡಿ ಒಂದೇ ಋತುವಿನಲ್ಲಿ ಕೊಡಬಲ್ಲ ಉತ್ತರವನ್ನು, ವರ್ಷಕ್ಕೊಮ್ಮೆ ಜೀಪಿನಲ್ಲಿ ಬರುವ ಸಮೀಕ್ಷಕರು ಕೊಡಲಾರರು.

ಆದರೆ ಊರಿನ ಯುವಜನರು ಎಂದರೆ ಯಾರು? ತೋಟಕ್ಕೆ ಬೇಕಾದ ಸೊಪ್ಪು, ದರಕು ತರಲು ಕಾಡಿನ ಪಾಲನ್ನು ಬಿಟ್ಟುಕೊಡುವ ಸೊಪ್ಪಿನ ಬೆಟ್ಟದ ಪದ್ಧತಿಯಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟದ ಸವಲತ್ತು ತೋಟದ ಒಡೆಯರಿಗಿದೆ. ಅಲ್ಲಿ ಬಾಗಿ ದರಕು ಗುಡಿಸುವವರು ಹಲವು ಸಲ ಕೂಲಿಗೆ ಬಂದವರು. ಅವರ ಮಗಳು ಪಿಯುಸಿಗೆ ಹೋಗುತ್ತಿರಬಹುದು, ಹೋಗದೆ ಹೊಲಿಗೆ ಕಲಿಯುತ್ತಿರಬಹುದು. ತಂಡ ಕಟ್ಟುವವರು ಕಾಲೇಜಿಗೆ ಹೋಗಿ ಚುರುಕಾಗಿ ಮಾತಾಡುವವರನ್ನಷ್ಟೇ ಆರಿಸಿಕೊಂಡರೆ ತೋಟದ ಮನೆಗಳ ಮಕ್ಕಳು ಕೂಲಿ ಮನೆಗಳ ಬಗ್ಗೆ ಬರೆದ ವರದಿ ಸಿದ್ಧವಾಗುತ್ತದೆ. ಕೂಲಿಯಾಕೆ ತೋಟದ ಒಡೆಯರ ಮಗನ ಎದುರು, ಎಣ್ಣೆ ಹಚ್ಚಿಕೊಳ್ಳಲು ಪುರುಸೊತ್ತು ಕೊಡುವುದಿಲ್ಲ ಎಂದು ಹೇಳುವುದುಂಟೇ? ಯಾರು ಕೇಳುತ್ತಾರೆಂಬುದರ ಮೇಲೆ ಉತ್ತರ ಬದಲಾಗುತ್ತದೆ ಎಂಬ ಸಂಶೋಧನೆಯ ಹಳೆಯ ಸಮಸ್ಯೆ, ಸ್ಥಳೀಯರನ್ನು ಸೇರಿಸಿಕೊಂಡಾಕ್ಷಣ ಮಾಯವಾಗುವುದಿಲ್ಲ, ಕೆಲವೊಮ್ಮೆ ಇನ್ನಷ್ಟು ಗಟ್ಟಿಯಾಗುತ್ತದೆ. ಕಾಲದ ತೊಡಕೂ ಇದೆ. ಕಾಯಿಲೆ ಏರುವ ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲೇ ಎಸ್‌ಎಸ್‌ಎಲ್‌ಸಿ, ದ್ವಿತೀಯ ಪಿಯುಸಿ ಪರೀಕ್ಷೆಗಳು. ವಿದ್ಯಾರ್ಥಿಗಳನ್ನೇ ನೆಚ್ಚಿದ ಯೋಜನೆ ಅತಿ ಮುಖ್ಯವಾದ ವಾರಗಳಲ್ಲಿ ಖಾಲಿ ಪುಟಗಳನ್ನು ಕೊಡುತ್ತದೆ.

ಪ್ರಶ್ನೆಯನ್ನು ಯುವಜನರಿಗೇ ಬಿಟ್ಟರೆ ಇನ್ನೂ ಇಕ್ಕಟ್ಟಿನ ಸಂಗತಿಗಳು ಹೊರಬರಬಹುದು, ಮತ್ತು ಶಿರಸಿಯಲ್ಲಿ ಅವುಗಳಲ್ಲಿ ಮೊದಲನೆಯದು ಅಡಿಕೆ. ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ, ತಂಬಾಕು ಸೇರದಿದ್ದರೂ ಅಡಿಕೆ ಮನುಷ್ಯರಲ್ಲಿ ಕ್ಯಾನ್ಸರ್ ತರಬಲ್ಲದೆಂದು ಅದನ್ನು ಮೊದಲನೆಯ ಗುಂಪಿಗೆ ಸೇರಿಸಿತು. ಬೆಳೆಗಾರರ ಸಂಘಟನೆಗಳು ಇದನ್ನು ಒಪ್ಪಿಲ್ಲ. 1923ರಲ್ಲಿ ಸ್ಥಾಪನೆಯಾದ, ಅಡಿಕೆ ಬೆಳೆಗಾರರ ಸಹಕಾರಿ ಸಂಘವಾದ ತೋಟಗಾರ್ಸ್ ಸೊಸೈಟಿಯ ಅಂಗಳದಲ್ಲಿ ರಾಶಿ ಬೀಳುವ ಅಡಿಕೆಯಿಂದಲೇ ಶಾಲೆಯ ಶುಲ್ಕ, ಮದುವೆಯ ಖರ್ಚು, ಆಸ್ಪತ್ರೆಯ ಬಿಲ್ಲು ಎಲ್ಲ ಹೊರಡುವ ಊರಿನಲ್ಲಿ, ನಮ್ಮ ಓರಗೆಯವರು ದಿನಕ್ಕೆ ಎಷ್ಟು ಗುಟ್ಕಾ, ಎಷ್ಟು ಕವಳ (ಎಲೆ ಅಡಿಕೆ) ಹಾಕುತ್ತಾರೆ ಎಂದು ಎಣಿಸಹೊರಟ ಹುಡುಗ ಮನೆಯ ಊಟದ ಪಂಕ್ತಿಯಲ್ಲೇ ಪ್ರತಿವಾದವನ್ನು ಎದುರಿಸಬೇಕು. ಗುಟ್ಕಾ ರಾಜ್ಯದಲ್ಲಿ 2013ರಲ್ಲೇ ನಿಷೇಧವಾಗಿದೆ ಎಂಬುದು ಬೇರೆ ಮಾತು. ಅಂಗಡಿಯ ಮುಂದೆ ಪಾನ್ ಮಸಾಲೆಯೂ ತಂಬಾಕೂ ಬೇರೆ ಬೇರೆ ಚೀಟಿಯಲ್ಲಿ ಅಕ್ಕಪಕ್ಕ ತೂಗುತ್ತವೆ. ಇಂಥಲ್ಲಿ ಹೊರಗಿನ ಸಂಸ್ಥೆಯೊಂದು ಯುವಕರನ್ನು ಮುಂದಿಟ್ಟು ತಾನು ಹಿಂದೆ ನಿಲ್ಲುವುದು ಅನ್ಯಾಯ. ವರದಿ ಬಂದ ಮೇಲೆ ಸಂಶೋಧಕರು ಬೆಂಗಳೂರಿಗೆ ಮರಳುತ್ತಾರೆ, ಹುಡುಗ ಊರಿನಲ್ಲೇ ಇರುತ್ತಾನೆ.

ಅದೇ ಅಡಿಕೆ ತೋಟದಿಂದ ಊರೇ ಒಪ್ಪುವ ಪ್ರಶ್ನೆಯೂ ಹುಟ್ಟಬಹುದು. ಮಳೆಗಾಲದಲ್ಲಿ ಕೊಳೆರೋಗ ತಡೆಯಲು ಮರ ಏರಿ ಬೋರ್ಡೋ ದ್ರಾವಣ ಹೊಡೆಯುವ, ಸುಗ್ಗಿಯಲ್ಲಿ ಕೊನೆ ಇಳಿಸುವ ಕೊನೆಗೌಡರು ಮರದಿಂದ ಬಿದ್ದು ಬೆನ್ನುಹುರಿ ಮುರಿದುಕೊಂಡ ಮನೆಗಳು ಈ ಭಾಗದಲ್ಲಿ ಇವೆ. ಬಿದ್ದದ್ದು ಯಾವ ತಿಂಗಳು, ಆಗ ಯಾವ ಸಾಧನ ಬಳಸಲಾಗಿತ್ತು, ಬಿದ್ದವರನ್ನು ಎತ್ತಿದ್ದು ಹೇಗೆ, ದೊಡ್ಡ ಆಸ್ಪತ್ರೆ ಮುಟ್ಟಲು ಎಷ್ಟು ಹೊತ್ತು ಹಿಡಿಯಿತು, ಈಗ ಆ ಮನೆ ಹೇಗೆ ನಡೆಯುತ್ತಿದೆ ಎಂಬುದನ್ನು ಸಂಗ್ರಹಿಸಿದರೆ, ನೆಲದಿಂದಲೇ ಕೆಲಸ ಮಾಡಬಹುದಾದ ದೋಟಿಗೆ ಸಹಾಯಧನ ಕೇಳುವುದಕ್ಕೂ, ಬೆನ್ನುಹುರಿಗೆ ಪೆಟ್ಟಾದವರನ್ನು ಸಾಗಿಸುವ ತರಬೇತಿಯನ್ನು ಊರಿಗೆ ತರುವುದಕ್ಕೂ ಅದು ಆಧಾರವಾಗುತ್ತದೆ. ಹಾವು ಕಡಿತದ್ದೂ ಹೀಗೆಯೇ. 2024ರಲ್ಲಿ ಕರ್ನಾಟಕ ಅದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿತು; ಆದರೆ ಆಸ್ಪತ್ರೆಯ ಮೆಟ್ಟಿಲು ಹತ್ತಿದವರ ಲೆಕ್ಕವಷ್ಟೇ ಆಸ್ಪತ್ರೆಗೆ ಸಿಗುತ್ತದೆ, ನಾಟಿ ಔಷಧಿಗೆ ಹೋದವರ ಲೆಕ್ಕ ಊರಿನಲ್ಲಿರುತ್ತದೆ.

ಘಟ್ಟ ಇಳಿದರೆ ಪ್ರಶ್ನೆಗಳೂ ಬದಲಾಗುತ್ತವೆ, ಕೇಳುವ ಹೊತ್ತೂ ಬದಲಾಗುತ್ತದೆ. ಬೈತಖೋಲ, ತದಡಿ, ಕಾಸರಕೋಡ, ಭಟ್ಕಳದ ಬಂದರುಗಳಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಬೋಟಿನ ಮೇಲೆ ದುಡಿಯುವ ಯುವಕರನ್ನು ಸಂಶೋಧನೆಗೆ ಕರೆಯಲು ಆ 61 ದಿನಗಳಿಗಿಂತ ಒಳ್ಳೆಯ ಕಾಲವಿಲ್ಲ. ಆದರೆ ಕೈಯಲ್ಲಿ ಕಾಸಿಲ್ಲದ ಕಾಲವೂ ಅದೇ ಆದ್ದರಿಂದ ಪುಕ್ಕಟೆ ದುಡಿಸಿಕೊಳ್ಳುವಂತಿಲ್ಲ. ಬೆಳಗಿನ ಜಾವಕ್ಕೆ ಬಂದರಿಗೆ ಬಂದು ಮೀನು ಹಿಡಿದುಕೊಂಡು ಮಧ್ಯಾಹ್ನ ದಾಟುವವರೆಗೆ ಪೇಟೆಯಲ್ಲೋ ಮನೆಮನೆಯಲ್ಲೋ ಮಾರುವ ಹೆಂಗಸರು ಆ ಹೊತ್ತಿನಲ್ಲಿ ಶೌಚಕ್ಕೆ ಎಲ್ಲಿಗೆ ಹೋಗುತ್ತಾರೆ, ಹೋಗಲಾರದೆ ನೀರು ಕುಡಿಯುವುದನ್ನೇ ಬಿಡುತ್ತಾರೆಯೇ, ಅದರಿಂದ ಮೂತ್ರದ ಸೋಂಕು ಎಷ್ಟು ಮಂದಿಗೆ ಮರುಕಳಿಸುತ್ತದೆ ಎಂಬ ಪ್ರಶ್ನೆಯನ್ನು ಗಂಡಸು ಅಧಿಕಾರಿಯ ಎದುರು ಯಾರೂ ಬಿಚ್ಚಿಡಲಾರರು. ಅವರದೇ ಹೆಣ್ಣುಮಕ್ಕಳು ಕೇಳಬಲ್ಲರು. ಕಾರವಾರದ ಕೊಂಕಣಿ, ಭಟ್ಕಳದ ನವಾಯತಿ, ಅಂಕೋಲೆಯ ಹಾಲಕ್ಕಿಗಳ ಕನ್ನಡ, ಯಲ್ಲಾಪುರ ಹಳಿಯಾಳದ ಸಿದ್ದಿಗಳ ಮಾತು, ಗೌಳಿಗಳ ಮರಾಠಿ ಇಷ್ಟೂ ಇರುವ ಜಿಲ್ಲೆಯಲ್ಲಿ ಪುಸ್ತಕದ ಕನ್ನಡದ ಒಂದೇ ಪ್ರಶ್ನಾವಳಿ ಎಷ್ಟು ದೂರ ಹೋದೀತೆಂಬುದನ್ನು ವಿವರಿಸಬೇಕಿಲ್ಲ. ಜೋಯಿಡಾದ ಕಾಡಿನ ಊರುಗಳಿಗೆ ಫೋನಿನ ಸಮೀಕ್ಷೆ ತಲುಪುವುದೂ ಇಲ್ಲ.

ಇನ್ನು ನೈತಿಕತೆಯ ಮಾತು. ಉತ್ಸಾಹಿಗಳು ಬೇಗ ದಾಟಿಬಿಡುವ ಭಾಗ ಇದು, ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಕಷ್ಟದ ಭಾಗ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆ, 18 ತುಂಬದವರು ಅಧ್ಯಯನಕ್ಕೆ ಒಳಪಡುವಾಗ ತಂದೆ ತಾಯಿಯ ಒಪ್ಪಿಗೆಯ ಜತೆಗೆ, 7ರಿಂದ 12ರವರ ಬಾಯಿಮಾತಿನ ಸಮ್ಮತಿಯೂ 12ರಿಂದ 18ರವರ ಲಿಖಿತ ಸಮ್ಮತಿಯೂ ಬೇಕು. ಮಾಹಿತಿ ಕೊಡುವ ಮಗುವಿನ ಬಗ್ಗೆ ನಿಯಮ ಇಷ್ಟು ಸ್ಪಷ್ಟವಾಗಿದೆ. ಮಾಹಿತಿ ಸಂಗ್ರಹಿಸುವವಳೇ ಹದಿನಾರರ ಹುಡುಗಿಯಾದಾಗ ಅವಳು ಸಂಶೋಧಕಳೋ ಸಂಶೋಧನೆಗೆ ಒಳಪಟ್ಟವಳೋ? ನಿಜವಾಗಿ ಅವಳು ಎರಡೂ. ಆದ್ದರಿಂದ ಎರಡೂ ಬಗೆಯ ರಕ್ಷಣೆ ಅವಳಿಗೆ ಬೇಕು. ಅವಳು ಮುಟ್ಟಿನ ಬಗ್ಗೆಯೋ ಮನೆಯ ಹಿಂಸೆಯ ಬಗ್ಗೆಯೋ ಗೆಳತಿಯೊಬ್ಬಳನ್ನು ಮಾತಾಡಿಸುತ್ತಿರುವಾಗ ಆ ಗೆಳತಿ ತನ್ನ ಮೇಲಾದ ಲೈಂಗಿಕ ದೌರ್ಜನ್ಯವನ್ನು ಹೇಳಿಕೊಂಡರೆ, 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಅದನ್ನು ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಯಾರಿಗೂ ಹೇಳುವುದಿಲ್ಲ ಎಂಬ ಮಾತು ಕೊಟ್ಟೇ ಸಂದರ್ಶನ ಶುರುವಾಗಿರುತ್ತದೆ. ಈ ಇಕ್ಕಟ್ಟನ್ನು ಮೊದಲೇ ಬಿಡಿಸಿ ಹೇಳದೆ, ಅಂಥ ಹೊತ್ತಿನಲ್ಲಿ ಫೋನೆತ್ತುವ ಹಿರಿಯರೊಬ್ಬರನ್ನು ಗೊತ್ತುಮಾಡದೆ, ಮಕ್ಕಳ ಸಹಾಯವಾಣಿ 1098 ಮತ್ತು ಮಾನಸಿಕ ಆರೋಗ್ಯದ ಟೆಲಿ ಮನಸ್ 14416 ಸಂಖ್ಯೆಗಳನ್ನು ಬರೆದುಕೊಡದೆ ಹುಡುಗಿಯರನ್ನು ಇಂಥ ವಿಷಯಕ್ಕೆ ಕಳಿಸುವುದು ಬೇಜವಾಬ್ದಾರಿ. ಹೇಳಿದವಳಿಗಷ್ಟೇ ಅಲ್ಲ, ಕೇಳಿಸಿಕೊಂಡವಳಿಗೂ ರಾತ್ರಿ ನಿದ್ದೆ ಬಾರದಿರಬಹುದು.

ಚಿಕ್ಕ ಊರಿನಲ್ಲಿ ಗುಟ್ಟು ಉಳಿಯುವುದೂ ಕಷ್ಟ. ಕುಡಿತದ ಬಗ್ಗೆ ಅಧ್ಯಯನ ಮಾಡುವ ಹುಡುಗ ಕೇರಿಯ ಯಾವ ಮನೆಗೆ ಹೋದ, ಎಷ್ಟು ಹೊತ್ತು ಕೂತ ಎಂಬುದೇ ಅರ್ಧ ವರದಿ. ಅಂಕೋಲೆಯ ಬಡಗೇರಿಯ ಜಾನಪದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರು ಸಾರಾಯಿಯ ವಿರುದ್ಧ ಹಾಲಕ್ಕಿ ಹೆಂಗಸರನ್ನು ಸಂಘಟಿಸಿದಾಗ ತಮ್ಮ ಮನೆಯ ನೋವನ್ನು ಮುಚ್ಚಿಡಲಿಲ್ಲ. ಅದು ಅವರೇ ಆರಿಸಿಕೊಂಡ ದಾರಿ, ವಯಸ್ಸಿನ ಬಲವೂ ಹಾಡಿನ ಬಲವೂ ಅವರಿಗಿತ್ತು. ಹದಿನೇಳರ ಹುಡುಗನಿಂದ ಅದೇ ಧೈರ್ಯವನ್ನು ಯೋಜನೆಯ ಷರತ್ತಾಗಿ ಕೇಳಲಾಗದು. ವ್ಯಕ್ತಿಗಳ ಬದಲು ಜಾಗಗಳ ಬಗ್ಗೆ ಕೇಳುವುದು, ಹೆಸರನ್ನು ಬರೆದುಕೊಳ್ಳದಿರುವುದು, ಒಂದು ಊರಿನ ತಂಡ ಇನ್ನೊಂದು ಊರಿನಲ್ಲಿ ಕೇಳುವುದು ಸ್ವಲ್ಪಮಟ್ಟಿಗೆ ನೆರವಾಗುತ್ತವೆ. ಹಾಗೆಂದು ಕಳ್ಳಭಟ್ಟಿಯೋ ಅಕ್ರಮ ಮದ್ಯವೋ ಮಾರುವ ಜಾಗದ ನಕ್ಷೆಯನ್ನು ಮಕ್ಕಳಿಂದ ಮಾಡಿಸುವುದು ಅವರನ್ನು ಅಪಾಯಕ್ಕೆ ಒಡ್ಡಿದಂತೆಯೇ. ಫೋನಿನಲ್ಲಿ ತೆಗೆದ ಚಿತ್ರ, ವಾಟ್ಸ್ಆ್ಯಪ್ ಗುಂಪಿಗೆ ಹಾಕಿದ ಧ್ವನಿಮುದ್ರಣ ಇವುಗಳ ಬಗ್ಗೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18ರೊಳಗಿನವರೆಲ್ಲರನ್ನೂ ಮಕ್ಕಳೆಂದೇ ಎಣಿಸುತ್ತದೆ. ಸಣ್ಣ ಸಂಸ್ಥೆಗಳಿಗೆ ಸಂಶೋಧನೆಯ ನೈತಿಕತೆಯನ್ನು ಪರಿಶೀಲಿಸುವ ಸ್ವಂತ ಸಮಿತಿ ಇರುವುದಿಲ್ಲ. 2016ರಲ್ಲಿ ಪಾಠ ಆರಂಭಿಸಿದ ಕಾರವಾರದ ವೈದ್ಯಕೀಯ ವಿಜ್ಞಾನ ಸಂಸ್ಥೆಯಂಥ ಜಿಲ್ಲೆಯ ಕಾಲೇಜುಗಳು ಇಂಥ ಅಧ್ಯಯನಗಳನ್ನು ಪರಿಶೀಲಿಸುವ ಹೊಣೆ ಹೊತ್ತರೆ ಅದೇ ದೊಡ್ಡ ಉಪಕಾರ.

ಸಂಭಾವನೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಪ್ರಮಾಣಪತ್ರವೂ ಒಂದು ಟೋಪಿಯೂ ಕೂಲಿಯಲ್ಲ. ಬಸ್ಸಿನ ಖರ್ಚು, ಊಟ, 18 ದಾಟಿದವರಿಗೆ ದಿನದ ಕೂಲಿಯಷ್ಟಾದರೂ ಹಣ, ವರದಿಯಲ್ಲಿ ಹೆಸರು ಇವು ಯೋಜನೆಯ ಆಯವ್ಯಯದಲ್ಲಿ ಮೊದಲೇ ಇರಬೇಕು.

ಯುವಜನರ ಕೈಯಲ್ಲಿ ಪ್ರಶ್ನೆ ಇದ್ದು ದತ್ತಾಂಶ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಜಿಲ್ಲೆಯಲ್ಲೇ ಒಂದು ಉದಾಹರಣೆಯಿದೆ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕುಂದಾಪುರದ ಕಡೆಗೆ ಒಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಸಮೀಪದ ಶಿರೂರು ಟೋಲ್ ಗೇಟಿನಲ್ಲಿ ಉರುಳಿಬಿದ್ದ ಮೇಲೆ, ಉತ್ತರ ಕನ್ನಡಕ್ಕೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಸಾಮಾಜಿಕ ಜಾಲತಾಣಗಳಲ್ಲಿ ಭುಗಿಲೆದ್ದಿತು. ಅದನ್ನು ಎತ್ತಿ ಹಿಡಿದವರಲ್ಲಿ ಯುವಕರೇ ಹೆಚ್ಚು. ಮಂಗಳೂರು, ಮಣಿಪಾಲ, ಹುಬ್ಬಳ್ಳಿ, ಗೋವಾಕ್ಕೆ ಓಡುವುದು ಜಿಲ್ಲೆಯ ಪ್ರತಿ ಮನೆಯ ಅನುಭವವಾದ್ದರಿಂದ ಬೇಡಿಕೆಗೆ ಸಾಕ್ಷಿ ಬೇಕೆಂದು ಯಾರಿಗೂ ಅನಿಸಲಿಲ್ಲ. ಆದರೆ ಸರ್ಕಾರ ಜಾಗ ಯಾವುದು, ಹಾಸಿಗೆ ಎಷ್ಟು, ಮೊದಲು ಬೇಕಾದ್ದು ಹೃದ್ರೋಗ ವಿಭಾಗವೋ ಅಪಘಾತ ಚಿಕಿತ್ಸೆಯೋ ಎಂಬ ಲೆಕ್ಕಕ್ಕೆ ಇಳಿದಾಗ, ಕುಮಟಾ, ಶಿರಸಿ, ಕಾರವಾರದವರು ತಂತಮ್ಮ ಊರಿನ ಹೆಸರನ್ನು ಹೇಳಿದರು. ಆಯಾ ತಾಲೂಕಿನ ಯುವಕರ ತಂಡಗಳು ಒಂದೇ ವರ್ಷ, ಯಾವ ಊರಿನಿಂದ ಯಾವ ತೊಂದರೆಗೆ ಎಷ್ಟು ಹೊತ್ತಿಗೆ ಹೊರಟು ಎಲ್ಲಿ ಎಷ್ಟು ಹೊತ್ತಿಗೆ ಮುಟ್ಟಿದರೆಂಬುದನ್ನು, ರೋಗಿಯ ಹೆಸರಿಲ್ಲದೆ, ಆಂಬುಲೆನ್ಸ್ ಚಾಲಕರ ಮತ್ತು ಆಶಾ ಕಾರ್ಯಕರ್ತೆಯರ ನೆರವಿನಿಂದ ಬರೆದಿಟ್ಟರೆ, ಆ ವಾದಕ್ಕೆ ಊರಿನ ಅಭಿಮಾನದ ಬದಲು ನಿಮಿಷಗಳ ಲೆಕ್ಕ ಆಧಾರವಾಗುತ್ತದೆ. ಇದಕ್ಕೆ ರಕ್ತ ಪರೀಕ್ಷೆ ಬೇಡ, ಗುಟ್ಟಿನ ಪ್ರಶ್ನೆ ಬೇಡ; ಹೊಸದಾಗಿ ಆರಂಭಿಸುವ ತಂಡಗಳಿಗೆ ನಾನು ಮೊದಲು ಸೂಚಿಸುವ ವಿಷಯ ಇದೇ.

ಇಂಥ ಕೆಲಸಕ್ಕೆ ಹೊಸ ಸಂಸ್ಥೆ ಕಟ್ಟುವ ಅಗತ್ಯವೂ ಇಲ್ಲ. 1983ರಲ್ಲಿ ಶಿರಸಿಯ ಸಾಲ್ಕಣಿಯಲ್ಲಿ ಮರ ಅಪ್ಪಿ ನಿಂತ ಅಪ್ಪಿಕೋ ಚಳವಳಿಯ ಹಿಂದೆ ಇದ್ದದ್ದು ಊರಿನ ಯುವಕ ಮಂಡಳಿಗಳು. ಅವುಗಳಲ್ಲಿ ಹಲವು ಈಗ ಕ್ರಿಕೆಟ್ ಟೂರ್ನಿಗೂ ಗಣೇಶೋತ್ಸವಕ್ಕೂ ಸೀಮಿತವಾಗಿದ್ದರೂ ಇನ್ನೂ ಇವೆ. ಕಾಲೇಜುಗಳ ರಾಷ್ಟ್ರೀಯ ಸೇವಾ ಯೋಜನೆಯ ಏಳು ದಿನಗಳ ಶಿಬಿರದಲ್ಲಿ ರಸ್ತೆ ಬದಿಯ ಹುಲ್ಲು ಕೀಳುವ ಎರಡು ದಿನಗಳನ್ನು ಇದಕ್ಕೆ ಬಿಟ್ಟುಕೊಡಬಹುದು. ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಿ ಮೇಜು, ಕಂಪ್ಯೂಟರು ಸಿಗುತ್ತವೆ. ಯುವಜನರು ಇಪ್ಪತ್ತೆರಡು ದಾಟುವಷ್ಟರಲ್ಲಿ ಬೆಂಗಳೂರಿಗೋ ಗೋವಾಕ್ಕೋ ಹೋಗಿಬಿಡುವ ಜಿಲ್ಲೆಯಿದು. ಆದ್ದರಿಂದ ತಂಡದಲ್ಲಿ ಒಂಬತ್ತನೆಯ ತರಗತಿಯಿಂದ ಪದವಿಯವರೆಗಿನವರು ಇದ್ದು, ಹೋಗುವವರು ಬರುವವರಿಗೆ ಕಲಿಸಿ ಹೋಗುವ ಏರ್ಪಾಡಾಗಬೇಕು, ದಾಖಲೆಗಳು ಒಬ್ಬರ ಫೋನಿನಲ್ಲಿರದೆ ಅರಿವು ಕೇಂದ್ರದಲ್ಲಿ ಇರಬೇಕು.

ಫಲಿತಾಂಶವನ್ನು ಮಂಡಿಸುವ ವೇದಿಕೆಯೂ ಕಾನೂನಿನ ಚೌಕಟ್ಟಿನಲ್ಲೇ ಇದೆ. ಪಕ್ಕದ ಕುಂದಾಪುರ ತಾಲೂಕಿನ ಕೆರಾಡಿಯಂಥ ಊರುಗಳಲ್ಲಿ 1990ರ ದಶಕದಲ್ಲೇ ಮಕ್ಕಳ ಪಂಚಾಯಿತಿಗಳು ತಮ್ಮ ಊರಿನ ಸಮಸ್ಯೆಗಳನ್ನು ಹಿರಿಯರ ಮುಂದೆ ಇಟ್ಟಿದ್ದವು. ಆಮೇಲೆ ರಾಜ್ಯದ ಎಲ್ಲ ಗ್ರಾಮ ಪಂಚಾಯಿತಿಗಳೂ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮ ಸಭೆ ನಡೆಸಬೇಕೆಂಬ ಆದೇಶ ಬಂತು. ಈ ಸಭೆಗಳಲ್ಲಿ ಮಕ್ಕಳು ಬಸ್ಸು, ಶೌಚಾಲಯ, ಆಟದ ಮೈದಾನ ಕೇಳುತ್ತಾರೆ. ಅಧಿಕಾರಿಗಳು ಪರಿಶೀಲಿಸುತ್ತೇವೆ ಎನ್ನುತ್ತಾರೆ. ಮುಂದಿನ ವರ್ಷ ಅದೇ ಬೇಡಿಕೆ ಮತ್ತೆ ಬರುತ್ತದೆ. ವರ್ಷವಿಡೀ ಬರೆದಿಟ್ಟ ನಕ್ಷೆ ಮತ್ತು ಅಂಕಿಗಳೊಡನೆ ಅದೇ ಮಕ್ಕಳು ಬಂದರೆ ಪರಿಶೀಲಿಸುತ್ತೇವೆ ಎಂಬ ಉತ್ತರ ಸಾಲುವುದಿಲ್ಲ. ಯಾವ ಬೇಡಿಕೆ ಪಂಚಾಯಿತಿಯ ವ್ಯಾಪ್ತಿಗೆ ಬರುತ್ತದೆ, ಯಾವುದನ್ನು ತಾಲೂಕು ಆರೋಗ್ಯಾಧಿಕಾರಿಗೆ ಕಳಿಸಲಾಗಿದೆ, ಯಾವ ದಿನಾಂಕದೊಳಗೆ ಮರುಪತ್ರ ಬರಬೇಕು ಎಂಬುದನ್ನು ಆ ಸಭೆಯ ನಡಾವಳಿಯಲ್ಲೇ ಬರೆಸಿ, ಅದರ ಪ್ರತಿಯೊಂದನ್ನು ಮಕ್ಕಳ ಕೈಗೆ ಕೊಡುವ ಪದ್ಧತಿಯನ್ನು ಜಿಲ್ಲೆಯ ಪಂಚಾಯಿತಿಗಳು ಮುಂದಿನ ನವೆಂಬರ್‌ನ ಸಭೆಗಳಿಂದಲೇ ಆರಂಭಿಸಬಹುದು; ಅದಕ್ಕೆ ಹೊಸ ಅನುದಾನವಾಗಲಿ ಹೊಸ ಆದೇಶವಾಗಲಿ ಬೇಕಿಲ್ಲ.